ಡೆಸ್ಕ್‌ಟಾಪ್ ದಿನಕ್ಕೆ ಮೂರ್ನಾಲ್ಕು ಸಲ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆ. ವಿಂಡೋಸ್ ಎರಡು ಸಲ ಹಾಕಿಸಿದೆ. ಮದರ್‌ಬೋರ್ಡ್ ಹೋಗಿದೆಯಾ?

ಮದರ್‌ಬೋರ್ಡಿಗೆ ಈಗಲೇ ದುಡ್ಡು ಹಾಕಬೇಡಿ. ವಿಂಡೋಸನ್ನು ಮೂರನೇ ಸಲ ಹಾಕಿಸಲೂ ಬೇಡಿ. ದಿನಕ್ಕೆ ಎಷ್ಟು ಸಲ ಅಂತ ಬರೆದಿದ್ದೀರಿ, ಆದರೆ ಏನು ಮಾಡುತ್ತಿದ್ದಾಗ ಅಂತ ಬರೆದಿಲ್ಲ. ನನಗೆ ಬೇಕಾದದ್ದು ಅದೇ.

ವಿಜಯಪುರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಒಂದು ಮೇ ತಿಂಗಳು, ಲಗ್ನಪತ್ರಿಕೆಯ ಭರಾಟೆಯಲ್ಲಿ, ನನಗೂ ಇದೇ ಕಾಟ. ರಿಪೇರಿಯವನು ಕೇಸ್ ಕೂಡ ಬಿಚ್ಚದೆ 'ಮದರ್‌ಬೋರ್ಡ್ ಹೋಗೈತ್ರಿ' ಅಂದ. ನಾನು ಸುಮ್ನೆ ಒಂದು ಹಳೆ ಪ್ರೂಫ್ ಹಾಳೆಯ ಹಿಂದೆ ಪ್ರತಿ ಸಲದ ಟೈಮು, ಆಗ ಮಾಡುತ್ತಿದ್ದ ಕೆಲಸ ಬರೆದಿಡತೊಡಗಿದೆ. ನಾಲ್ಕನೇ ದಿನ ಹಾಳೆ ನೋಡಿದರೆ ಎಲ್ಲ ಸಾಲಿನಲ್ಲೂ ಒಂದೇ ಮಾತು: ಪ್ರಿಂಟ್ ಕೊಟ್ಟಾಗ. ಅದೂ ಪ್ರಿಂಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲ ಹಾಳೆ ಕೊಟ್ಟಾಗ.

ಲೇಸರ್ ಪ್ರಿಂಟರ್ ಮತ್ತು ಕಂಪ್ಯೂಟರ್ ಎರಡೂ ಒಂದೇ 600 ವಿಎ ಯುಪಿಎಸ್‌ಗೆ ಸಿಕ್ಕಿಸಿದ್ದವು. ಅಂಥ ಯುಪಿಎಸ್ ತಾಳುವುದು ಸುಮಾರು 360 ವ್ಯಾಟ್. ಟೋನರ್ ಕರಗಿಸಲು ಪ್ರಿಂಟರಿನ ಒಳಗಿನ ಹೀಟರ್ ಬಿಸಿಯಾಗುವ ಆ ಕೆಲವು ಸೆಕೆಂಡು ಎಳೆಯುವುದು ಅದಕ್ಕಿಂತ ಎಷ್ಟೋ ಜಾಸ್ತಿ. ಪ್ರಿಂಟರ್ ಪ್ಲಗ್ ಕಿತ್ತು ಗೋಡೆಯ ಸಾಕೆಟ್ಟಿಗೆ ಹಾಕಿದೆ, ಅಷ್ಟೇ. ಖರ್ಚು ಸೊನ್ನೆ.

ನಿಮ್ಮಲ್ಲಿ ಪ್ರಿಂಟರ್ ಇಲ್ಲದಿರಬಹುದು. ಆದರೂ ಮೊದಲು ಯುಪಿಎಸ್ ಬಿಟ್ಟು ನೇರ ಕರೆಂಟಿನಲ್ಲಿ ಎರಡು ದಿನ ಓಡಿಸಿ ನೋಡಿ. ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ 'ಕರ್ನಲ್ ಪವರ್ 41' ಅಂತ ಕಂಡರೆ ಗಾಬರಿ ಬೇಡ. ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತ ಅದು ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ.

ನೀಲಿ ಪರದೆ ಬಂದು, ಪ್ರತಿ ಸಲವೂ ಬೇರೆ ಬೇರೆ ಎರರ್ ತೋರಿಸಿದರೆ ನನ್ನ ಮೊದಲ ಅನುಮಾನ ಮೆಮೊರಿ ಪಟ್ಟಿಯಾದ ರ್‍ಯಾಮ್ ಮೇಲೆ. ಪ್ಲಗ್ ತೆಗೆದು, ರ್‍ಯಾಮ್ ಕಳಚಿ, ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಟಕ್ ಅನ್ನುವವರೆಗೆ ಒತ್ತಿ ಕೂರಿಸಿ. ಎರಡು ಸ್ಟಿಕ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ರಾತ್ರಿ ಪೂರ್ತಿ ಮೆಮೊರಿ ಪರೀಕ್ಷಿಸುವ ಪ್ರೋಗ್ರಾಂ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ಎರರ್ ಬಂದರೂ ಅದು ಫಾಲ್ಟೇ.

ಮಧ್ಯಾಹ್ನವೇ ಜಾಸ್ತಿ ಆಗುತ್ತಿದ್ದರೆ ಬಿಸಿ ನೋಡಿ. ನಮ್ಮೂರಿನ ಬಿಸಿಲು, ಧೂಳು ಗೊತ್ತಲ್ವಾ? ನನ್ನ ಪ್ರೊಸೆಸರ್ ಫ್ಯಾನಿನ ಕೆಳಗೆ ಕಂಬಳಿಯಂತೆ ಧೂಳು ಕೂತಿತ್ತು. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಪ್ರೊಸೆಸರಿನ ಬಿಸಿ ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಒರೆಸಿ ಹೊಸದು ಹಚ್ಚಿ.

ಗೇಮ್ ಆಡುವಾಗ, ವಿಡಿಯೋ ಎಡಿಟ್ ಮಾಡುವಾಗ ನೀಲಿ ಪರದೆಯೂ ಇಲ್ಲದೆ ಫಟ್ ಅಂತ ಆರಿದರೆ ಕೇಸ್ ಒಳಗೆ ಕರೆಂಟ್ ಹಂಚುವ ಡಬ್ಬಿ, ಅಂದರೆ ಎಸ್‌ಎಂಪಿಎಸ್ ನೋಡಬೇಕು. ಹಳದಿ ವೈರಿನಲ್ಲಿ 11.4ರಿಂದ 12.6 ವೋಲ್ಟ್ ಇರಬೇಕು. ಆದರೆ ಸುಮ್ಮನಿದ್ದಾಗ ಸರಿ ತೋರಿಸಿ, ಲೋಡ್ ಬಿದ್ದಾಗ ಕುಸಿಯುವವೂ ಇವೆ. ಹಾಗಾಗಿ ಮೀಟರಿಗಿಂತ ಗೆಳೆಯರ ಒಳ್ಳೆ ಎಸ್‌ಎಂಪಿಎಸ್ ಎರಡು ದಿನ ಇಸಕೊಂಡು ಹಾಕಿ ನೋಡುವುದೇ ವಾಸಿ. ನಿಮ್ಮದನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟ್ ಹಿಡಿದಿಡುವ ಕೆಪಾಸಿಟರ್ ಶಾಕ್ ಹೊಡೆಯುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಒಂದೇ ರ್‍ಯಾಮ್, ಬೇರೆಯವರ ಎಸ್‌ಎಂಪಿಎಸ್, ನೇರ ಕರೆಂಟು, ತಣ್ಣಗಿನ ಪ್ರೊಸೆಸರ್ ಇದ್ದೂ ರೀಸ್ಟಾರ್ಟ್ ಆಯಿತು ಅನ್ನಿ. ಆಗ ಮದರ್‌ಬೋರ್ಡಿಗೆ ಟಾರ್ಚ್ ಬಿಟ್ಟು, ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ ನೋಡಿ. ಉಬ್ಬಿದ್ದರೆ ನಿಮ್ಮ ಅನುಮಾನವೇ ನಿಜ.