ಸಂಪಾದಕರ ಉತ್ತರ: ‘ವಯಸ್ಸಾಗಿತ್ತು’ ಎಂದು ನೀವೂ ಬರೆದಿರಿ

ಪತ್ರ: ‘ನನ್ನ ಅವ್ವನಿಗೆ 84 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಚಪ್ಪೆಯ ಎಲುಬು ಮುರಿಯಿತು. ಬೆಳಗಾವಿಯ ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಮೊದಲ ದಿನವೇ ಅವಳ ಕನ್ನಡಕ, ಕಿವಿ ಮಷೀನು, ಹಲ್ಲಿನ ಸೆಟ್ಟು ಮೂರನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟರು. ಐದು ದಿನ ಆಪರೇಷನ್ ಆಗಲಿಲ್ಲ. ಎರಡನೇ ರಾತ್ರಿ ಅವ್ವ ಏನೇನೋ ಬಡಬಡಿಸಿದಳಂತೆ, ಕೈ ಕಟ್ಟಿ ಹಾಕಿದ್ದರು. ನೀರಿನ ಗ್ಲಾಸು ಅವಳ ಕೈಗೆ ಎಟುಕದ ಕಡೆ ಇತ್ತು. ಕೇಳಿದರೆ “ಏ ಅಜ್ಜಿ, ಸುಮ್ನೆ ಮಲಕ್ಕೋ” ಎನ್ನುತ್ತಿದ್ದರು. ಬೆನ್ನಿಗೆ ಹುಣ್ಣಾಯಿತು. ಹದಿನೆಂಟನೇ ದಿನ ನ್ಯುಮೋನಿಯಾ ಆಗಿ ತೀರಿಕೊಂಡಳು. ವಯಸ್ಸಾಗಿತ್ತು, ಆಯುಷ್ಯ ಅಷ್ಟೇ ಇತ್ತು ಎಂದು ಸಮಾಧಾನ ಮಾಡಿಕೊಂಡಿದ್ದೇವೆ. ಆ ಚೀಲ ಇನ್ನೂ ಬಿಚ್ಚಿಲ್ಲ. ನಾನು ಜಗಳ ಮಾಡಬೇಕಿತ್ತಾ? ತಿಳಿಸಿ.’ (ಜಮಖಂಡಿ ತಾಲೂಕಿನ ಓದುಗರು. ಹೆಸರು ಬೇಡ ಎಂದಿದ್ದಾರೆ. ಆಸ್ಪತ್ರೆಯ ಹೆಸರನ್ನು ನಾನೇ ತೆಗೆದಿದ್ದೇನೆ.)

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಎಷ್ಟು ಸಮಾಧಾನದಿಂದ ಬರೆದಿದ್ದೀರಿ! ಒಂದು ಬೈಗುಳವೂ ಇಲ್ಲ. ಐದು ದಿನ ಐಸಿಯು ಬಾಗಿಲಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತ ಮಗ ಇಷ್ಟು ತಣ್ಣಗೆ ಬರೆಯಬೇಕಾದರೆ ಒಳಗೆ ಎಷ್ಟು ಸುಟ್ಟಿರಬೇಕು ಎಂದು ನನಗೆ ಗೊತ್ತಾಗುತ್ತದೆ.

ಆದರೆ ನಿಮ್ಮ ಒಂದು ಸಾಲಿನ ಮೇಲೆ ನನಗೆ ಸಿಟ್ಟಿದೆ. ಹೇಳಿಬಿಡುತ್ತೇನೆ, ಬೇಜಾರಾಗಬೇಡಿ. ‘ವಯಸ್ಸಾಗಿತ್ತು’ ಎಂದು ನೀವೂ ಬರೆದಿರಿ. ಅದನ್ನು ಮೊದಲು ನಿಮಗೆ ಯಾರು ಹೇಳಿದರು, ನೆನಪು ಮಾಡಿಕೊಳ್ಳಿ. ಆಸ್ಪತ್ರೆಯವರೇ ಅಲ್ವಾ? ಆಪರೇಷನ್ ಯಾಕೆ ತಡ ಎಂದರೆ ವಯಸ್ಸಾಗೇತ್ರಿ. ಯಾಕೆ ಬಡಬಡಿಸುತ್ತಾಳೆ ಎಂದರೆ ವಯಸ್ಸಾಗೇತ್ರಿ. ಊಟ ಯಾಕೆ ಮಾಡುತ್ತಿಲ್ಲ ಎಂದರೆ, ಅದಕ್ಕೂ ಅದೇ. ಹಲ್ಲಿನ ಸೆಟ್ಟು ನಿಮ್ಮ ಚೀಲದಲ್ಲಿತ್ತು, ಅವ್ವ ಊಟ ಹೇಗೆ ಮಾಡಬೇಕಿತ್ತು? ಕಿವಿ ಕೇಳದೆ, ಕಣ್ಣು ಕಾಣದೆ, ಹಗಲು ಯಾವುದು ರಾತ್ರಿ ಯಾವುದು ತಿಳಿಯದ ಟ್ಯೂಬ್‌ಲೈಟಿನ ಬೆಳಕಲ್ಲಿ ಮಲಗಿದರೆ ಮೂವತ್ತರ ಹುಡುಗನೂ ಬಡಬಡಿಸುತ್ತಾನೆ.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ‘ಸನ್ನಿ’ ಎನ್ನುತ್ತಿದ್ದರು. ಡಾಕ್ಟರು ಡೆಲಿರಿಯಂ ಎನ್ನುತ್ತಾರೆ. ಇದು ಅರಳು ಮರಳಲ್ಲ. ಅರಳು ಮರಳು ವರ್ಷಗಟ್ಟಲೆ ಮೆಲ್ಲಗೆ ಬರುತ್ತದೆ. ಸನ್ನಿ ಒಂದೇ ರಾತ್ರಿಯಲ್ಲಿ ಬರುತ್ತದೆ. ಬರುವುದಕ್ಕೆ ಕಾರಣ ಇರುತ್ತದೆ: ಸೋಂಕು, ನೀರು ಕಡಿಮೆಯಾಗುವುದು, ಮೂತ್ರ ಕಟ್ಟುವುದು, ಮಲಬದ್ಧತೆ, ತಡೆಯಲಾಗದ ನೋವು, ನಿದ್ದೆ ಇಲ್ಲದಿರುವುದು, ಕೆಲವು ಔಷಧಿಗಳು. ಕಾರಣ ಹುಡುಕಿ ಸರಿ ಮಾಡಿದರೆ ಎಷ್ಟೋ ಸಲ ಇಳಿಯುತ್ತದೆ. ಕೈ ಕಟ್ಟಿದರೆ ಏರುತ್ತದೆ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಮನೆಯಲ್ಲಿ ಆಡಿ ಆಡಿ ನಾವೇ ಎರಡನ್ನೂ ಒಂದು ಮಾಡಿಟ್ಟಿದ್ದೇವೆ.

ನನ್ನ ಅಪ್ಪನ ಮಾತು ಹೇಳುತ್ತೇನೆ. ಅಪ್ಪ ಗುಳೇದಗುಡ್ಡದಲ್ಲಿ ಖಣ ನೇಯುತ್ತಿದ್ದವನು. ಐವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತವನು. 78ನೇ ವಯಸ್ಸಿನಲ್ಲಿ ಮೂತ್ರದ ಸೋಂಕಾಗಿ ಆಸ್ಪತ್ರೆ ಸೇರಿದ. ಯಾವ ಊರು, ಯಾವ ಆಸ್ಪತ್ರೆ ಎನ್ನುವುದು ಬೇಡ. ಬೆಳಗ್ಗೆ ಹೋಗಿ ನೋಡಿದರೆ ಎರಡೂ ಕೈಗೆ ಬ್ಯಾಂಡೇಜ್ ಬಟ್ಟೆ ಸುತ್ತಿ ಮಂಚದ ಸರಳಿಗೆ ಬಿಗಿದಿದ್ದರು. ‘ರಾತ್ರಿಪೂರ್ತಿ ಕೈ ಬೀಸ್ತಾರ, ಸಲೈನ್ ಕಿತ್ಗೋತಾರ’ ಎಂದರು ಸಿಸ್ಟರ್. ನಾನು ಒಂದು ಕೈ ಬಿಚ್ಚಿದೆ. ಅಪ್ಪನ ಬಲಗೈ ಮೇಲೆದ್ದು ಗಾಳಿಯಲ್ಲಿ ಏನನ್ನೋ ಜಗ್ಗಿತು. ಮತ್ತೆ ಜಗ್ಗಿತು. ಇನ್ನೊಂದು ಕೈ ಬಿಚ್ಚಿದೆ. ಎಡಗೈ ಮುಂದೆ ಹೋಗಿ ಹಿಂದೆ ಬಂತು. ಲಾಳಿಯ ಹಗ್ಗ ಜಗ್ಗುವುದು, ಹಲಗೆ ಬಡಿಯುವುದು. ಅಪ್ಪ ನೇಯುತ್ತಿದ್ದ. ‘ನಮ್ಮಪ್ಪ ನೇಯಾಕತ್ತಾನ್ರಿ’ ಎಂದೆ. ಆ ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ಅವಳ ಕಣ್ಣಲ್ಲೂ ನೀರು ಬಂತು.

ಮೂರು ದಿನಕ್ಕೆ ಸೋಂಕು ಇಳಿಯಿತು, ಅಪ್ಪನಿಗೆ ಸ್ಮೃತಿ ಬಂತು. ಮೊದಲು ಕೇಳಿದ ಮಾತು: ‘ಕೈಗೆ ಏನಾಗೇತೋ, ಕರಿ ಗೆರಿ ಬಿದ್ದಾವಲ್ಲ?’ ಅದಾದ ಮೇಲೆ ಆರು ವರ್ಷ ಚೆನ್ನಾಗಿ ಬದುಕಿದ. ವಯಸ್ಸಾಗಿತ್ತು ಎಂದು ಬಿಟ್ಟಿದ್ದರೆ ಆ ಆರು ವರ್ಷ ಎಲ್ಲಿರುತ್ತಿತ್ತು?

ನಿಮ್ಮ ಆ ಪ್ಲಾಸ್ಟಿಕ್ ಚೀಲದ ಸಾಲು ಓದಿದಾಗ ನನಗೆ ಇನ್ನೊಂದು ಪತ್ರ ನೆನಪಾಯಿತು. 1965ರ ನವೆಂಬರ್ 10ರಂದು ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಬಂದದ್ದು. ಬಾರ್ಬರಾ ರಾಬ್ ಎಂಬ ಹೆಣ್ಣುಮಗಳು ಲಂಡನ್ನಿನ ಫ್ರೈರ್ನ್ ಎಂಬ ಮಾನಸಿಕ ಆಸ್ಪತ್ರೆಯಲ್ಲಿದ್ದ ಒಬ್ಬ ವೃದ್ಧೆಯನ್ನು ನೋಡಲು ಹೋಗಿದ್ದಳು. ಅಲ್ಲಿ ಕಂಡದ್ದನ್ನು ತಡೆಯಲಾರದೆ ಇನ್ನೂ ಕೆಲವರನ್ನು ಸೇರಿಸಿಕೊಂಡು ಸಂಪಾದಕರಿಗೆ ಪತ್ರ ಬರೆದಳು. ಮುದುಕರ ಕನ್ನಡಕ, ಹಲ್ಲಿನ ಸೆಟ್ಟು, ಕಿವಿ ಮಷೀನು ಕಸಿದುಕೊಂಡು ಅವರನ್ನು ಒಂಟಿಯಾಗಿ, ಕೆಲಸವಿಲ್ಲದೆ ಕೊಳೆಯಲು ಬಿಡುತ್ತಾರೆ ಎಂಬುದೇ ಅವರ ದೂರು. ನೋಡಿ, ಅವೇ ಮೂರು ವಸ್ತು! ಅರವತ್ತು ವರ್ಷದ ಹಿಂದೆ ಅಲ್ಲಿ, ಇವತ್ತು ಇಲ್ಲಿ. ನಿಮಗೂ ಇಂಥದ್ದು ಗೊತ್ತಿದ್ದರೆ ಬರೆಯಿರಿ ಎಂದು ಆ ಪತ್ರ ಓದುಗರನ್ನು ಕೇಳಿತ್ತು. ಪತ್ರಗಳ ರಾಶಿಯೇ ಬಂತು. 1967ರಲ್ಲಿ ಅದೆಲ್ಲ ಪುಸ್ತಕವಾಯಿತು. ಸರ್ಕಾರ ವಿಚಾರಣೆ ಮಾಡಿಸಿ, ದೂರುಗಳಲ್ಲಿ ಹೆಚ್ಚಿನವು ಸುಳ್ಳು ಅಥವಾ ಉತ್ಪ್ರೇಕ್ಷೆ ಎಂದು 1968ರಲ್ಲಿ ಹೇಳಿಬಿಟ್ಟಿತು. ಮರುವರ್ಷವೇ ಕಾರ್ಡಿಫ್ ನಗರದ ಈಲಿ ಆಸ್ಪತ್ರೆಯ ವಿಚಾರಣಾ ವರದಿ ಬಂತು. ರೋಗಿಗಳನ್ನು ಹಿಂಸಿಸಿದ್ದು ನಿಜ ಎಂದು ಒಪ್ಪಬೇಕಾಯಿತು. ಆಮೇಲೆ ಆಸ್ಪತ್ರೆಗಳನ್ನು ಹೋಗಿ ನೋಡಿಬರುವ ಒಂದು ವ್ಯವಸ್ಥೆಯೇ ಹುಟ್ಟಿಕೊಂಡಿತು. ಪತ್ರ ಬರೆದರೆ ಏನಾಗುತ್ತದೆ ಎಂದು ಕೇಳುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ಒಂದು ಮಾತು ಆಸ್ಪತ್ರೆಯವರ ಪರವಾಗಿಯೂ ಹೇಳಬೇಕು. ರಾತ್ರಿ ಪಾಳಿಯಲ್ಲಿ ಒಬ್ಬಳೇ ಸಿಸ್ಟರ್ ಇಡೀ ವಾರ್ಡು ನೋಡಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಹಲ್ಲಿನ ಸೆಟ್ಟು ಕಳೆದರೆ ಅವಳ ತಲೆಗೇ ಬರುತ್ತದೆ. ಅದೆಲ್ಲ ಸರಿ. ಆದರೆ ನೀರಿನ ಗ್ಲಾಸನ್ನು ಮುದುಕಿಯ ಕೈಗೆ ಎಟುಕುವಂತೆ ಇಡಲು ಹೆಚ್ಚಿನ ಸಿಬ್ಬಂದಿ ಬೇಕಾ? ಒಂದು ಮೊಳ ಈಚೆ ಸರಿಸಿದರೆ ಸಾಕು.

ಇದು ಬರೀ ಕರುಣೆಯ ಮಾತು ಎಂದು ಯಾರೂ ತಳ್ಳಿಹಾಕದಿರಲಿ. ಇದೇ ಚಿಕಿತ್ಸೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಡಾಕ್ಟರ್ ಶರಾನ್ ಇನೋಯೆ 70 ದಾಟಿದ 852 ರೋಗಿಗಳನ್ನು ಇಟ್ಟುಕೊಂಡು ಒಂದು ಪರೀಕ್ಷೆ ಮಾಡಿದರು. ಫಲಿತಾಂಶ 1999ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಮಾಮೂಲಿ ಆರೈಕೆ. ಇನ್ನರ್ಧ ಜನರಿಗೆ ಏನು ಮಾಡಿದರು ಗೊತ್ತಾ? ಕನ್ನಡಕ ಹಾಕಿಸಿದರು. ಕಿವಿ ಕೇಳುವಂತೆ ಮಾಡಿದರು. ನೀರು ಕುಡಿಸಿದರು. ಎಬ್ಬಿಸಿ ನಡೆಸಿದರು. ಇವತ್ತು ಯಾವ ವಾರ, ನೀವೆಲ್ಲಿದ್ದೀರಿ ಎಂದು ಹೇಳುತ್ತಾ ಹೋದರು. ರಾತ್ರಿ ಮಲಗುವಾಗ ಬಿಸಿ ಹಾಲು ಕೊಟ್ಟು ಬೆನ್ನು ತಿಕ್ಕಿದರು. ಮಾಮೂಲಿ ಆರೈಕೆಯವರಲ್ಲಿ 15 ಪರ್ಸೆಂಟ್ ಜನರಿಗೆ ಸನ್ನಿ ಹಿಡಿಯಿತು, ಇವರಲ್ಲಿ 9.9 ಪರ್ಸೆಂಟ್ ಜನರಿಗೆ. ಬಿಸಿ ಹಾಲು, ಬೆನ್ನು ತಿಕ್ಕುವುದು! ನಮ್ಮ ಅತ್ತೆ, ಚಿಗವ್ವಂದಿರು ಯಾವ ಪದವಿ ಇಲ್ಲದೆ ಮಾಡುತ್ತಿದ್ದದ್ದು. ಆಸ್ಪತ್ರೆ ಬಾಗಿಲಲ್ಲಿ ಅವರನ್ನೇ ‘ಹೊರಗ ನಿಲ್ರಿ’ ಎಂದು ತಡೆಯುತ್ತಾರೆ.

ಎಲುಬಿನ ಮಾತಿಗೆ ಬರೋಣ. ಚಪ್ಪೆ ಮುರಿದ ಮುದುಕರಿಗೆ ಸೇರಿಸಿದ ದಿನ ಇಲ್ಲವೇ ಮರುದಿನ ಆಪರೇಷನ್ ಆಗಬೇಕು, ಆದ ಮರುದಿನವೇ ಎಬ್ಬಿಸಿ ನಿಲ್ಲಿಸಬೇಕು ಎಂದು ಬ್ರಿಟನ್ನಿನ ವೈದ್ಯಕೀಯ ನಿಯಮ ಹೇಳುತ್ತದೆ. ಹೃದಯ, ಸಕ್ಕರೆ, ರಕ್ತ ತೆಳುಮಾಡುವ ಗುಳಿಗೆ ಎಂದು ಕೆಲವೊಮ್ಮೆ ಕಾಯಬೇಕಾಗುತ್ತದೆ, ನಿಜ. ನಿಮ್ಮ ಅವ್ವನ ವಿಷಯದಲ್ಲಿ ಆ ಕಾರಣ ಇತ್ತೋ ಇಲ್ಲವೋ, ನಿಮಗೆ ಯಾರೂ ಹೇಳಿಲ್ಲ. ನನ್ನ ದೂರು ಅದೇ. ಮಲಗಿದಷ್ಟೂ ಕಫ ಕಟ್ಟುತ್ತದೆ, ಸ್ನಾಯು ಕರಗುತ್ತದೆ, ಬೆನ್ನು ಹುಣ್ಣಾಗುತ್ತದೆ. ಇಂಗ್ಲೆಂಡಿನಲ್ಲಿ ಮಾರ್ಜರಿ ವಾರೆನ್ ಎಂಬ ಡಾಕ್ಟರು 1935ರಷ್ಟು ಹಿಂದೆಯೇ ಇದನ್ನು ಕಂಡುಕೊಂಡಿದ್ದರು. ಬಡವರ ಆಸ್ಪತ್ರೆಯೊಂದರ 700ಕ್ಕೂ ಹೆಚ್ಚು ಹಾಸಿಗೆ ಅವರ ಕೈಗೆ ಬಂದವು. ಇವರದ್ದು ಇಷ್ಟೇ ಎಂದು ವರ್ಷಗಟ್ಟಲೆ ಮಲಗಿಸಿಟ್ಟಿದ್ದ ರೋಗಿಗಳು ತುಂಬಾ ಜನ ಇದ್ದರು. ವಾರೆನ್ ಒಬ್ಬೊಬ್ಬರನ್ನೂ ಪರೀಕ್ಷೆ ಮಾಡಿದರು, ಎಬ್ಬಿಸಿದರು, ನಡೆಸಿದರು. ಎಷ್ಟೋ ಜನ ನಡೆದುಕೊಂಡು ಮನೆಗೆ ಹೋದರು.

ನಮ್ಮ ದೇಶದಲ್ಲೂ ಬೆಳಕಿಲ್ಲ ಎಂದಲ್ಲ. ಮದ್ರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ಡಾಕ್ಟರ್ ವಿ.ಎಸ್. ನಟರಾಜನ್ 1978ರಲ್ಲೇ ವೃದ್ಧರಿಗಾಗಿ ವಿಭಾಗ ಕಟ್ಟಿದರು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 20ನೇ ಕಲಂ ಓದಿ ನೋಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಪ್ರತ್ಯೇಕ ಸಾಲು, ಸಾಧ್ಯವಾದಷ್ಟು ಎಲ್ಲರಿಗೂ ಹಾಸಿಗೆ, ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಮುಪ್ಪಿನ ಆರೈಕೆ ಬಲ್ಲ ವೈದ್ಯರ ಕೈಕೆಳಗೆ ವ್ಯವಸ್ಥೆ. 2010-11ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಜಿಲ್ಲಾಸ್ಪತ್ರೆಗೆ ಹತ್ತು ಹಾಸಿಗೆಯ ವಾರ್ಡು ಎಂದು ಬರೆದಿದೆ. ಕಾಗದ ಚೆನ್ನಾಗಿದೆ. ಬೆಳಗಾವಿಯಿಂದ ವಿಜಯಪುರದ ತನಕ ರಸ್ತೆ ಬದಿಯ ಆಸ್ಪತ್ರೆ ಬೋರ್ಡುಗಳನ್ನು ನೋಡುತ್ತಾ ಬನ್ನಿ. ಹೃದಯ, ಕಿಡ್ನಿ, ಮೊಣಕಾಲು, ಸಂತಾನಭಾಗ್ಯ. ಮುಪ್ಪಿನ ವೈದ್ಯರು ಎಂಬ ಬೋರ್ಡು ನನ್ನ ಕಣ್ಣಿಗೆ ಈವರೆಗೆ ಬಿದ್ದಿಲ್ಲ.

ಇನ್ನು ಮಾತಿನ ವಿಷಯ. ನನಗೆ ಇದು ಬಹಳ ಹತ್ತಿರದ್ದು. ನಮ್ಮ ಕಡೆಯ ಮುದುಕಿಯರು ನೋವನ್ನು ಹೇಗೆ ಹೇಳುತ್ತಾರೆ? ಸೆಳೀತೈತಿ, ಚುಚ್ಚತೈತಿ, ಝುಮ್ ಅಂತೈತಿ, ಜೀವಕ್ಕ ಕಳವಳ ಆಗತೈತಿ. ಒಂದೊಂದೂ ಬೇರೆ ಬೇರೆ ಸುದ್ದಿ ಹೇಳುವ ಮಾತು. ಕೇಳಿಸಿಕೊಳ್ಳುವವರಿಗೆ ಆ ಕನ್ನಡ ಬರುವುದಿಲ್ಲ. ಬಂದರೂ ಪುರುಸೊತ್ತಿಲ್ಲ. ಕೇಸ್ ಶೀಟು ಇಂಗ್ಲಿಷಿನಲ್ಲಿ, ಸಹಿ ಹಾಕಿಸುವ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ. ಹೆಬ್ಬೆಟ್ಟು ಮಾತ್ರ ಅವ್ವನದು. ರಾಜ್ಯೋತ್ಸವದ ದಿನ ಬೆಳಗಾವಿಯಲ್ಲಿ ನಾವು ಹಾರಿಸುವ ಬಾವುಟ ಎಷ್ಟು ದೊಡ್ಡದು! ಅದೇ ಊರಿನ ಐಸಿಯುನಲ್ಲಿ ಅಜ್ಜಿ ಕನ್ನಡದಲ್ಲಿ ನೀರು ಕೇಳಿದರೆ ತಿಳಿಯುವವರು ಇರಬೇಕು ಎಂದು ನಾವು ಯಾವತ್ತು ಹೋರಾಟ ಮಾಡಿದ್ದೇವೆ?

ಮಕ್ಕಳ ತಪ್ಪೂ ಇದೆ ಎಂದು ಯಾರಾದರೂ ನನಗೆ ಬರೆಯುತ್ತಾರೆ. ಇದೆ. 2025ರ ಮಾರ್ಚಿನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರೇ ಹೇಳಿದರು: ಬೆಳಗಾವಿಯ ಬಿಮ್ಸ್ ಎಂಬ ಸರ್ಕಾರಿ ಆಸ್ಪತ್ರೆ ಒಂದರಲ್ಲೇ ಹೆತ್ತವರನ್ನು ಬಿಟ್ಟುಹೋದ 150ಕ್ಕೂ ಹೆಚ್ಚು ಪ್ರಕರಣಗಳಿವೆ ಎಂದು. ಅಂಥ ಮಕ್ಕಳ ಬಗ್ಗೆ ನನ್ನ ಬಾಯಲ್ಲಿ ಒಳ್ಳೆ ಮಾತಿಲ್ಲ. ಅದೇ 2007ರ ಕಾಯ್ದೆಯಲ್ಲಿ ಅವರಿಗೆ ಮೂರು ತಿಂಗಳ ತನಕ ಜೈಲಿದೆ. ಬರೆದುಕೊಟ್ಟ ಆಸ್ತಿಯನ್ನು ವಾಪಸ್ ಪಡೆಯಲೂ ದಾರಿ ಇದೆ. ಆದರೆ ಹಾಗೆ ಬಿಟ್ಟುಹೋಗಿದ್ದರೂ ಆ ಮುದುಕರಿಗೆ ನೀರು ಕುಡಿಸುವವರು ಬೇಕಲ್ವಾ? ನಮ್ಮ ಆಸ್ಪತ್ರೆಗಳು ನಡೆಯುವುದೇ ‘ಪೇಷಂಟ್ ಕಡಿಯವರು ಯಾರ್ರಿ?’ ಎಂಬ ಕೂಗಿನ ಮೇಲೆ. ಮಗ ಗೋವಾಕ್ಕೆ ದುಡಿಯಲು ಹೋಗಿದ್ದರೆ, ಮಗಳು ಪುಣೆಯಲ್ಲಿದ್ದರೆ, ಆ ಕೂಗಿಗೆ ಓಗೊಡುವವರು ಯಾರು? ಓಗೊಡುವವರಿಲ್ಲದ ಮುದುಕನ ಬೆಡ್‌ಶೀಟ್ ಹಸಿಯಾಗಿಯೇ ಇರುತ್ತದೆ.

ಜಗಳ ಮಾಡಬೇಕಿತ್ತಾ ಎಂದು ಕೇಳಿದ್ದೀರಿ. ಜಗಳ ಬೇಡ. ಕೇಳಬೇಕಿತ್ತು. ಆಪರೇಷನ್ ಯಾಕೆ ತಡ, ಕೈ ಕಟ್ಟಲು ಹೇಳಿದವರು ಯಾರು, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುತ್ತಿದ್ದೀರಾ ಎಂದು. ಕೇಳಲಿಲ್ಲ ಎಂದು ಕೊರಗಬೇಡಿ. ಆ ಬಾಗಿಲಲ್ಲಿ ನಿಂತಾಗ ಎಲ್ಲರ ನಾಲಿಗೆಯೂ ಒಣಗುತ್ತದೆ. ನನ್ನದೂ ಒಣಗಿತ್ತು.

ಈಗಲೂ ಕೇಳಬಹುದು. ಮೊದಲು ಕೇಸ್ ಶೀಟಿನ ಪೂರ್ತಿ ಪ್ರತಿ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ಖಾಸಗಿ ಆಸ್ಪತ್ರೆಗಳ ಮೇಲಿನ ದೂರು ಕೇಳಲು ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪ್ರಾಧಿಕಾರ ಇದೆ. ನಿಮ್ಮದು ಬೆಳಗಾವಿ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು. ದಾರಿ ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ದೂರನ್ನು ಕನ್ನಡದಲ್ಲೇ ಬರೆಯಿರಿ. ಕೈಯಾರೆ ಕೊಟ್ಟು, ಒಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ‘ವಯಸ್ಸಾಗಿತ್ತು’ ಎಂಬ ಮಾತು ಎಲ್ಲೂ ಬರಬಾರದು. 84 ಎಂದು ಅಂಕಿ ಬರೆದರೆ ಸಾಕು. ಅದಕ್ಕೂ ಮೊದಲು ಆ ಚೀಲ ಬಿಚ್ಚಿ. ಅದರಲ್ಲಿ ಏನೇನಿತ್ತು, ಯಾವ ದಿನ ನಿಮ್ಮ ಕೈಗೆ ಕೊಟ್ಟರು ಎನ್ನುವುದನ್ನೇ ಮೊದಲ ಸಾಲಾಗಿ ಬರೆಯಿರಿ. ಒಂದು ಪ್ರತಿ ನನಗೂ ಕಳಿಸಿ.