ಸ್ಪ್ಲ್ಯಾಶ್ ಔಟ್ ಅಂದ್ರೆ ದುಡ್ಡು ಪೋಲು ಮಾಡೋದಾ?

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಅಕ್ಕ ‘ವಿ ಸ್ಪ್ಲ್ಯಾಶ್ಡ್ ಔಟ್ ಆನ್ ಎ ನ್ಯೂ ಸೋಫಾ’ ಅಂತ ಮೆಸೇಜ್ ಕಳಿಸಿದ್ದಾಳೆ. ದುಡ್ಡು ನೀರಿನ ಹಾಗೆ ಖರ್ಚಾಯ್ತು ಅಂತ ಬೇಜಾರು ಮಾಡಿಕೊಂಡಿದ್ದಾಳಾ? ‘ಶೆಲ್ ಔಟ್’ ಅಂದರೂ ಇದೇನಾ?
– ಓದುಗರು, ಶಿವಮೊಗ್ಗ

ಉತ್ತರ: ಬೇಜಾರೇನೂ ಇಲ್ಲ, ನಿಮ್ಮ ಅಕ್ಕ ಖುಷಿಯಲ್ಲೇ ಇದ್ದಾರೆ. ಅಷ್ಟೇನೂ ಅಗತ್ಯವಿಲ್ಲದಿದ್ದರೂ ಮನಸ್ಸಿಗೆ ಹಿಡಿಸಿದ ವಸ್ತುವಿಗೆ, ಗೊತ್ತಿದ್ದೇ, ಮಾಮೂಲಿಗಿಂತ ಜಾಸ್ತಿ ದುಡ್ಡು ಹಾಕುವುದು ಸ್ಪ್ಲ್ಯಾಶ್ ಔಟ್. ನಾವು ‘ನೀರಿನ ಹಾಗೆ ಖರ್ಚು ಮಾಡಿದ’ ಅಂದರೆ ಅದು ಬೈಗುಳವೇ, ಅಲ್ವಾ? ಸ್ಪ್ಲ್ಯಾಶ್ ಅಂದಾಗ ನೀರು ನೆನಪಾಗಿ ನಮ್ಮವರು ಎಡವುವುದು ಇಲ್ಲೇ. ‘ಈ ಸಲ ಕೈ ಬಿಚ್ಚಿ ಖರ್ಚು ಮಾಡಿದೆವು’ ಅಂತೀವಲ್ಲ, ಅದು ಇದಕ್ಕೆ ತುಂಬಾ ಹತ್ತಿರ. ಹಾಗಾಗಿ ರಜೆಯ ಪ್ರವಾಸ, ಒಳ್ಳೆಯ ಹೋಟೆಲ್ ಊಟ, ಮದುವೆಯ ಸೀರೆ ಇಂಥದ್ದಕ್ಕೆಲ್ಲ ಈ ಮಾತು ಚೆನ್ನಾಗಿ ಒಪ್ಪುತ್ತೆ, ಕರೆಂಟ್ ಬಿಲ್ಲಿಗೆ ಒಪ್ಪಲ್ಲ.

ಕೊಂಡ ವಸ್ತುವಿನ ಹೆಸರಿಗಿಂತ ಮೊದಲು ‘ಆನ್’ ಬರಬೇಕು. ಮೊತ್ತವನ್ನೂ ಸೇರಿಸಬಹುದು: ‘ಶಿ ಸ್ಪ್ಲ್ಯಾಶ್ಡ್ ಔಟ್ 500 ಪೌಂಡ್ಸ್ ಆನ್ ಎ ಕೋಟ್’. ಇದು ಹೆಚ್ಚಾಗಿ ಬ್ರಿಟಿಷರ ಆಡುಮಾತು. ಅಮೆರಿಕದವರು ಸಾಮಾನ್ಯವಾಗಿ ‘ಸ್ಪ್ಲರ್ಜ್’ ಅಂತಾರೆ, ಅದಕ್ಕೂ ‘ಆನ್’ ಬೇಕು, ‘ಔಟ್’ ಬೇಡ.

ಶೆಲ್ ಔಟ್ ಬೇರೆಯೇ. ಸಿಪ್ಪೆ ಸುಲಿದು ಕಾಳು ಹೊರತೆಗೆಯುವುದರಿಂದ ಬಂದ ಮಾತು ಅದು. ಕೊಡಲು ಮನಸ್ಸಿಲ್ಲ, ಆದರೂ ಕೊಡಲೇಬೇಕು, ಮೊತ್ತವೂ ದೊಡ್ಡದು ಅನ್ನುವ ಸಂಕಟ ಅದರಲ್ಲಿರುತ್ತೆ. ಕಾರು ಕೆಟ್ಟು ರಿಪೇರಿಗೆ 20,000 ರೂಪಾಯಿ ಕೊಡಬೇಕಾಗಿ ಬಂದರೆ ‘ಐ ಹ್ಯಾಡ್ ಟು ಶೆಲ್ ಔಟ್’ ಅನ್ನಿ. ‘ಫೋರ್ಕ್ ಔಟ್’ ಕೂಡ ಹೀಗೇ. ‘ಕಾಫ್ ಅಪ್’ ಅಂತೂ ನಮ್ಮ ‘ದುಡ್ಡು ಕಕ್ಕು’ ಇದ್ದ ಹಾಗೆಯೇ ಇದೆ: ಬಾಕಿಯೋ ದಂಡವೋ, ಯಾರೋ ಒತ್ತಾಯ ಮಾಡಿದ ಮೇಲೆ ಕೊಡುವುದು. ಪರೀಕ್ಷೆಯ ಗೈಡುಗಳಲ್ಲಿ ಇವನ್ನೆಲ್ಲ ‘ಖರ್ಚು ಮಾಡು’ ಅಂತ ಒಂದೇ ಸಾಲಿನಲ್ಲಿ ಮುಗಿಸುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಮಕ್ಕಳು ಅರ್ಥ ಕಲಿತರೂ ಯಾವುದನ್ನು ಎಲ್ಲಿ ಬಳಸಬೇಕು ಅನ್ನುವುದು ಗೊತ್ತಾಗದೆ ಉಳಿಯುತ್ತೆ.

ಇನ್ನು, ನಿಜವಾಗಿಯೂ ದುಡ್ಡು ಪೋಲಾಯ್ತು ಅನ್ನಬೇಕಾದರೆ ‘ಬ್ಲೋ’ ಇದೆ. ಸಂಬಳವನ್ನೆಲ್ಲ ಲಾಟರಿಗೆ ಸುರಿದವನ ಬಗ್ಗೆ ‘ಹಿ ಬ್ಲೂ ಹಿಸ್ ಸ್ಯಾಲರಿ ಆನ್ ಲಾಟರಿ ಟಿಕೆಟ್ಸ್’ ಅನ್ನಬಹುದು. ಭೂತಕಾಲದಲ್ಲಿ ‘ಬ್ಲೂ’, ‘ಬ್ಲೋಡ್’ ಅಲ್ಲ.