ಬಟನ್ ಇದ್ದರೂ ಬದಲಿಸಬೇಕಾದ ಟೈರು

ಪ್ರಶ್ನೆ: ನಮ್ಮ ಮರ್ಸಿಡಿಸ್ ಬೆಂಜ್ ಕಾರು 2018ರದು. ನಿವೃತ್ತಿಯ ನಂತರ ಓಡಾಟ ತಗ್ಗಿದ್ದರಿಂದ ಇದುವರೆಗೆ ಓಡಿರುವುದು 24 ಸಾವಿರ ಕಿಲೋಮೀಟರ್ ಮಾತ್ರ. ಟೈರುಗಳ ಬಟನ್ (ರಸ್ತೆಗೆ ತಾಗುವ ರಬ್ಬರಿನ ಉಬ್ಬು ಅಚ್ಚು) ಕಣ್ಣಿಗೆ ಹೊಸದರಂತೆಯೇ ಕಾಣುತ್ತಿದೆ. ಹೀಗಿದ್ದರೂ ಸರ್ವಿಸ್‌ಗೆ ಬಿಟ್ಟಾಗ ನಾಲ್ಕೂ ಟೈರುಗಳನ್ನು ಬದಲಿಸಿ ಎಂದರು. ಇದು ವ್ಯಾಪಾರದ ಮಾತೋ, ನಿಜವಾದ ಅಗತ್ಯವೋ? (ಬೆಂಗಳೂರಿನ ಓದುಗರು)

ಉತ್ತರ: ವ್ಯಾಪಾರವೂ ಇರಬಹುದು, ಆದರೆ ನೀವು ಕೊಟ್ಟಿರುವ ವಿವರ ನೋಡಿದರೆ ಅವರ ಮಾತು ತಪ್ಪಲ್ಲ. ಕಡಿಮೆ ಓಡುವ ಕಾರುಗಳಲ್ಲಿ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಗಾಳಿಯ ಆಮ್ಲಜನಕ, ಓಝೋನ್, ಬಿಸಿಲು ಮತ್ತು ಕಾವು ಸೇರಿ ರಬ್ಬರನ್ನು ಗಡುಸಾಗಿಸುತ್ತವೆ. ಇದನ್ನು ತಡೆಯಲೆಂದು ತಯಾರಕರು ಬೆರೆಸಿರುವ ಮೇಣದಂಥ ರಾಸಾಯನಿಕಗಳು ಟೈರು ಉರುಳಿ ಬಾಗಿದಾಗಲೇ ಚೆನ್ನಾಗಿ ಮೇಲ್ಮೈಗೆ ಬರುವುದರಿಂದ, ತಿಂಗಳುಗಟ್ಟಲೆ ನಿಂತೇ ಇರುವ ಕಾರಿನ ಟೈರಿಗೆ ಆ ರಕ್ಷಣೆಯೂ ಪೂರ್ತಿ ದಕ್ಕುವುದಿಲ್ಲ.

ಟೈರಿನ ಪಕ್ಕದ ಗೋಡೆಯ ಮೇಲೆ ‘ಡಿಒಟಿ’ ಎಂದು ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ನೋಡಿ. ಅಲ್ಲಿ 2318 ಎಂದಿದ್ದರೆ ಆ ಟೈರು 2018ರ 23ನೇ ವಾರದಲ್ಲಿ ತಯಾರಾದದ್ದು. ಈ ಅಂಕಿಗಳು ಎಷ್ಟೋ ಸಲ ಒಂದೇ ಬದಿಯಲ್ಲಿರುತ್ತವೆ, ಅದು ಒಳಬದಿಯೂ ಆಗಿರಬಹುದು; ಹೊರಗೆ ಕಾಣದಿದ್ದರೆ ಕಾರನ್ನು ಲಿಫ್ಟ್ ಮೇಲೆ ಏರಿಸಿ ನೋಡಿಸಿ. ಬಟನ್ ಎಷ್ಟೇ ಉಳಿದಿರಲಿ, ಆರು ವರ್ಷಕ್ಕೆ ಟೈರು ಬದಲಿಸಬೇಕೆಂಬುದು ಮರ್ಸಿಡಿಸ್ ಮತ್ತು ಬಿಎಂಡಬ್ಲ್ಯೂ ಕಂಪನಿಗಳ ಸಲಹೆ. ಟೈರು ತಯಾರಿಸುವ ಮಿಶೆಲಿನ್ ಇನ್ನಷ್ಟು ಉದಾರವಾಗಿದ್ದು, ಐದು ವರ್ಷದ ಬಳಿಕ ಪ್ರತಿವರ್ಷ ತಜ್ಞರಿಂದ ಪರೀಕ್ಷೆ ಮಾಡಿಸಿ, ಹತ್ತು ವರ್ಷ ತುಂಬುವುದರೊಳಗೆ ತೆಗೆದುಬಿಡಿ ಎನ್ನುತ್ತದೆ. ಊರೊಳಗೆ ನಿಧಾನವಾಗಿ ಓಡುವ ಸಣ್ಣ ಕಾರಿಗೆ ಈ ಎರಡನೆಯ ಮಾತನ್ನು ಒಪ್ಪಬಹುದು. ಆದರೆ ಎರಡು ಟನ್ನಿನ ಆಸುಪಾಸು ತೂಗುವ, ವೇಗದ ಅರಿವೇ ಆಗದಂತೆ ಓಡುವ, ನಮ್ಮ ಬಿಸಿಲಿನಲ್ಲಿ ನಿಲ್ಲುವ ಕಾರಿಗೆ ಆರು ವರ್ಷದ ಮಿತಿಯೇ ಸರಿ ಎಂಬುದು ನನ್ನ ಅಭಿಪ್ರಾಯ.

2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ನಟ ಪಾಲ್ ವಾಕರ್ ಪ್ರಯಾಣಿಸುತ್ತಿದ್ದ ಪೋರ್ಷೆ ಕರೆರಾ ಜಿಟಿ ಕಾರು ಅಪಘಾತಕ್ಕೀಡಾಗಿ, ಅವರೂ ಕಾರು ಓಡಿಸುತ್ತಿದ್ದವರೂ ತೀರಿಕೊಂಡರು. ತನಿಖೆಯಲ್ಲಿ ಅತಿವೇಗವೇ ಮುಖ್ಯ ಕಾರಣವೆಂದು ಗೊತ್ತಾಯಿತು. ಆದರೆ ಆ ಕಾರಿನ ಟೈರುಗಳಿಗೆ ಒಂಬತ್ತು ವರ್ಷ ವಯಸ್ಸಾಗಿತ್ತು ಮತ್ತು ಅದರಿಂದ ಕಾರಿನ ಹಿಡಿತ ಕುಂದಿರಬಹುದು ಎಂಬುದನ್ನೂ ತನಿಖಾಧಿಕಾರಿಗಳು ದಾಖಲಿಸಿದರು. ಬೆಲೆಬಾಳುವ, ಅಪರೂಪಕ್ಕೆ ಹೊರಬರುವ ಕಾರುಗಳಲ್ಲಿಯೇ ಇಂಥ ಹಳೆಯ ಟೈರುಗಳು ಹೆಚ್ಚಾಗಿ ಉಳಿದುಕೊಂಡಿರುತ್ತವೆ.

ಹೊಸ ಟೈರು ಕೊಳ್ಳುವಾಗಲೂ ಇದೇ ನಾಲ್ಕು ಅಂಕಿಗಳನ್ನು ಓದಿಕೊಳ್ಳಿ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿ, ಪರವಾನಗಿಯಿಲ್ಲದೆ ತರಿಸುವಂತಿಲ್ಲ ಎಂದಿತು. ವಿದೇಶದಿಂದಲೇ ಬರಬೇಕಾದ ವಿರಳ ಅಳತೆಗಳಿಗೆ ವಾರಗಟ್ಟಲೆ ಕಾಯಬೇಕಾಗಬಹುದು, ಅಥವಾ ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿದ್ದ ಟೈರೇ ನಿಮಗೆ ‘ಹೊಸದು’ ಎಂದು ಸಿಗಬಹುದು. ಒಂದು ವರ್ಷಕ್ಕಿಂತ ಹಳೆಯದಾಗಿದ್ದರೆ ನಾನಂತೂ ಪೂರ್ತಿ ಬೆಲೆ ಕೊಡುವುದಿಲ್ಲ.

ಪ್ರಶ್ನೆ: ನನ್ನ ಬಿಎಂಡಬ್ಲ್ಯೂ 3 ಸೀರೀಸ್ ಕಾರಿನ ಹಿಂದಿನ ಟೈರುಗಳು ಹೊರಗಿನಿಂದ ಚೆನ್ನಾಗಿಯೇ ಇದ್ದವು. ಪಂಕ್ಚರ್ ಹಾಕಿಸಲು ಬಿಚ್ಚಿದಾಗ ಒಳ ಅಂಚಿನಲ್ಲಿ ತಂತಿ ಕಾಣುತ್ತಿತ್ತು. ಟೈರುಗಳನ್ನು ಹಿಂದುಮುಂದು ಅದಲುಬದಲು ಮಾಡಿದ್ದರೆ ಇದನ್ನು ತಪ್ಪಿಸಬಹುದಿತ್ತೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಈ ವರ್ಗದ ಕಾರುಗಳಲ್ಲಿ ಇದು ತೀರ ಸಾಮಾನ್ಯ ತೊಂದರೆ. ತಿರುವುಗಳಲ್ಲಿ ಹಿಡಿತ ಹೆಚ್ಚಲೆಂದು ಚಕ್ರಗಳ ಮೇಲ್ಭಾಗವನ್ನು ತುಸು ಒಳಕ್ಕೆ ವಾಲಿಸಿ ಕೂರಿಸಿರುತ್ತಾರೆ. ಇದನ್ನು ನೆಗೆಟಿವ್ ಕ್ಯಾಂಬರ್ ಎನ್ನುತ್ತಾರೆ. ನೇರ ರಸ್ತೆಯಲ್ಲಿ ಓಡುವಾಗ ಭಾರದ ಹೆಚ್ಚು ಪಾಲು ಒಳ ಅಂಚಿನ ಮೇಲೆ ಬೀಳುತ್ತದೆ; ಹೊಂಡಕ್ಕೆ ಇಳಿದು ಅಲೈನ್‌ಮೆಂಟ್ ಕೊಂಚ ತಪ್ಪಿದರಂತೂ ಆ ಅಂಚು ಬೇಗನೆ ಬೋಳಾಗುತ್ತದೆ.

ಅದಲುಬದಲಿನ ಉಪಾಯ ನಿಮ್ಮ ಕಾರಿಗೆ ನಡೆಯುತ್ತದೆಯೇ ಎಂಬುದು ಅಳತೆಯನ್ನು ಅವಲಂಬಿಸಿದೆ. ಮುಂದೆ 225/45 ಆರ್18, ಹಿಂದೆ 255/40 ಆರ್18 ಎಂಬಂತೆ ಹಿಂದಿನವು ಅಗಲವಾಗಿದ್ದರೆ ಹಿಂದುಮುಂದು ಮಾಡಲು ಬರುವುದಿಲ್ಲ. ಆದ್ದರಿಂದ ನೋಡುವ ರೀತಿಯನ್ನೇ ಬದಲಿಸಿಕೊಳ್ಳಬೇಕು. ಬಟನ್ ನಡುವಿನ ಸಂದುಗಳ ಆಳ ಅಳೆಯುವ ಗೇಜು ಹೆಚ್ಚು ಬೆಲೆಯದ್ದಲ್ಲ. ಅದನ್ನು ಒಳ ಅಂಚು, ನಡುಭಾಗ, ಹೊರ ಅಂಚು ಈ ಮೂರೂ ಕಡೆ ಇಟ್ಟು, ಎಲ್ಲಕ್ಕಿಂತ ಕಡಿಮೆ ಬಂದ ಅಳತೆಯನ್ನೇ ಟೈರಿನ ಅಳತೆ ಎಂದು ತಿಳಿಯಿರಿ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಲ್ಲಿಸಿದರೆ ಮುಂದಿನ ಚಕ್ರಗಳ ಒಳ ಅಂಚು ಕಾಣುತ್ತದೆ, ಹಿಂದಿನವುಗಳನ್ನು ಸರ್ವಿಸ್ ವೇಳೆ ಕಾರು ಲಿಫ್ಟ್ ಮೇಲಿರುವಾಗ ನೋಡಬೇಕು. (ನಾಣ್ಯವನ್ನು ಸಂದಿಗೆ ತೂರಿಸಿ ನೋಡುವ ಅಮೆರಿಕದ ವಿಧಾನ ಅಲ್ಲಿನ ಒಂದು ಸೆಂಟಿನ ನಾಣ್ಯಕ್ಕೆ ಹೊಂದಿಸಿದ್ದು, ನಮ್ಮ ರೂಪಾಯಿಗೆ ಅದು ಸಲ್ಲದು.) ತಂತಿ ಕಂಡ ಟೈರಿನಲ್ಲಿ ಮನೆಗೆ ಮರಳುವುದೂ ಅಪಾಯ. ಹೊಸದನ್ನು ಹಾಕಿಸಿದ ದಿನವೇ ನಾಲ್ಕೂ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ. ಇಲ್ಲದಿದ್ದರೆ ಅವೂ ಹೀಗೆಯೇ ಸವೆಯುತ್ತವೆ.

ಪ್ರಶ್ನೆ: ಕಾನೂನಿನ ಪ್ರಕಾರ 1.6 ಮಿಲಿಮೀಟರ್ ಬಟನ್ ಇದ್ದರೆ ಸಾಕಲ್ಲವೇ? ನನ್ನದು 2.5 ಮಿಲಿಮೀಟರ್ ಇದೆ. (ಮಂಗಳೂರಿನ ಓದುಗರು)

ಉತ್ತರ: ಕಾನೂನಿಗೆ ಸಾಕು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 94ನೇ ನಿಯಮದಲ್ಲಿ ಕಾರುಗಳಿಗೆ ಹೇಳಿರುವ ಕನಿಷ್ಠ ಆಳ ಅಷ್ಟೇ, ಮತ್ತು ಟೈರಿನ ಸಂದುಗಳ ತಳದಲ್ಲಿರುವ ಸಣ್ಣ ರಬ್ಬರ್ ದಿಂಡುಗಳು ತೋರಿಸುವುದೂ ಆ ಮಟ್ಟವನ್ನೇ. ಆದರೆ ನಿಮ್ಮ ಊರಿನ ಮಳೆಗೆ ಅದು ಸಾಲದು. ಹೊಸ ಟೈರಿನಲ್ಲಿ ಸುಮಾರು 7ರಿಂದ 8 ಮಿಲಿಮೀಟರ್ ಆಳವಿರುವ ಸಂದುಗಳು ನೀರನ್ನು ಹೊರಕ್ಕೆ ತಳ್ಳಿ ರಬ್ಬರು ರಸ್ತೆಯನ್ನು ಮುಟ್ಟುವಂತೆ ಮಾಡುತ್ತವೆ. ಆಳ ಕುಗ್ಗಿದಷ್ಟೂ ನೀರಿಗೆ ಹೋಗಲು ದಾರಿಯಿಲ್ಲದೆ ಟೈರು ಅದರ ಮೇಲೆ ತೇಲತೊಡಗುತ್ತದೆ, ಆಗ ಬ್ರೇಕಾಗಲಿ ಸ್ಟೀರಿಂಗಾಗಲಿ ಮಾತು ಕೇಳುವುದಿಲ್ಲ. ಐಷಾರಾಮಿ ಕಾರುಗಳ ಟೈರು ಅಗಲವಾಗಿರುವುದರಿಂದ ಸರಿಸಬೇಕಾದ ನೀರೂ ಹೆಚ್ಚು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ವ್ಯವಸ್ಥೆ) ಮತ್ತು ಸ್ಥಿರತೆ ಕಾಯುವ ಇತರ ವ್ಯವಸ್ಥೆಗಳೆಲ್ಲ ಟೈರಿಗೆ ಇರುವಷ್ಟು ಹಿಡಿತವನ್ನು ಹಂಚಿಕೊಡಬಲ್ಲವೇ ಹೊರತು ಇಲ್ಲದ ಹಿಡಿತವನ್ನು ಹುಟ್ಟಿಸಲಾರವು. ಟೈರು ತಯಾರಿಸುವ ಕಾಂಟಿನೆಂಟಲ್ ಕಂಪನಿಯು ಬೇಸಿಗೆ ಟೈರುಗಳನ್ನು (ಹಿಮದ ರಸ್ತೆಗೆಂದು ಮಾಡಿರದ ಟೈರುಗಳನ್ನು) 3 ಮಿಲಿಮೀಟರ್‌ಗೆ ಬದಲಿಸಲು ಸೂಚಿಸುತ್ತದೆ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಮಳೆಗಾಲದಲ್ಲಿ ಓಡಾಡುವವರು ಮೇ ತಿಂಗಳಿನಲ್ಲಿಯೇ ಅಳೆಯುವುದು ಒಳ್ಳೆಯದು. ನಿಮ್ಮ ಟೈರುಗಳನ್ನು ಈ ಮಳೆಗೆ ಮುಂಚೆಯೇ ಬದಲಿಸಿ.

ಪ್ರಶ್ನೆ: ಹೊಂಡಕ್ಕೆ ಬಿದ್ದು ಒಂದು ಟೈರಿನ ಪಕ್ಕದಲ್ಲಿ ಗುಳ್ಳೆ ಎದ್ದಿದೆ. ನನ್ನದು ಆಡಿ ಕ್ವಾಟ್ರೋ, ಅಂದರೆ ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಕಾರು. ಅದೊಂದನ್ನೇ ಬದಲಿಸಿದರೆ ಆಗದೇ? (ಮೈಸೂರಿನ ಓದುಗರು)

ಉತ್ತರ: ಗುಳ್ಳೆ ಎಂದರೆ ಒಳಗಿನ ದಾರಗಳು ಕಡಿದಿವೆ ಎಂದರ್ಥ. ಅದಕ್ಕೆ ದುರಸ್ತಿಯಿಲ್ಲ, ಎಕ್ಸ್‌ಪ್ರೆಸ್‌ವೇ ಹತ್ತುವ ಮಾತಿರಲಿ, ಟೈರು ಬದಲಿಸುವವರೆಗೆ ಕಾರನ್ನು ಹೊರಗೆ ತೆಗೆಯಲೇಬೇಡಿ. ಉಳಿದ ಮೂರು ಟೈರುಗಳು ಹೆಚ್ಚು ಸವೆದಿರದಿದ್ದರೆ ಒಂದನ್ನೇ ಬದಲಿಸಬಹುದು. ಅರ್ಧದಷ್ಟು ಸವೆದಿದ್ದರೆ ಹೊಸ ಟೈರಿನ ಸುತ್ತಳತೆ ಹೆಚ್ಚಾಗಿ, ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ಯಂತ್ರಭಾಗಗಳು ಆ ವ್ಯತ್ಯಾಸವನ್ನು ಸದಾ ಸರಿದೂಗಿಸುತ್ತಲೇ ಇರಬೇಕಾಗುತ್ತದೆ. ಅವು ಕೆಟ್ಟರೆ ಆಗುವ ಖರ್ಚು ನಾಲ್ಕು ಟೈರಿನ ಬೆಲೆಯನ್ನೂ ಮೀರೀತು. ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂಬುದನ್ನು ನಿಮ್ಮ ಮಾದರಿಯ ಕೈಪಿಡಿಯಲ್ಲಿ ನೋಡಿಕೊಳ್ಳಿ. ಎರಡೇ ಹೊಸದಾದರೆ ಅವನ್ನು ಹಿಂದಕ್ಕೆ ಹಾಕಿಸಿ, ಏಕೆಂದರೆ ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿದ ಕಾರನ್ನು ಹತೋಟಿಗೆ ತರುವುದು ಬಹಳ ಕಷ್ಟ. ಆಡಿಗೆಂದೇ ಒಪ್ಪಿಗೆ ಪಡೆದ ಟೈರಿನ ಮೇಲೆ ‘ಎಒ’ ಎಂಬ ಗುರುತಿರುತ್ತದೆ, ಬಿಎಂಡಬ್ಲ್ಯೂ ಆದರೆ ನಕ್ಷತ್ರ, ಮರ್ಸಿಡಿಸ್ ಆದರೆ ‘ಎಂಒ’. ಹಳೆಯ ಟೈರಿನಲ್ಲಿರುವ ಗುರುತೇ ಹೊಸದರಲ್ಲೂ ಇರಲಿ.

ಪ್ರಶ್ನೆ: ರನ್‌ಫ್ಲಾಟ್ ಟೈರಿನಲ್ಲಿ ಗಾಳಿ ಹೋದ ಮೇಲೂ ಓಡಿಸಿ ಮನೆ ಸೇರಿದೆ. ಪಂಕ್ಚರ್ ಹಾಕಿಸಿದರೆ ಸಾಕೇ? (ಬೆಳಗಾವಿಯ ಓದುಗರು)

ಉತ್ತರ: ಸಾಮಾನ್ಯವಾಗಿ ಸಾಲದು. ಇಂಥ ಟೈರುಗಳನ್ನು ಗಾಳಿಯಿಲ್ಲದೆಯೂ ಗಂಟೆಗೆ 80 ಕಿಲೋಮೀಟರ್ ಮೀರದ ವೇಗದಲ್ಲಿ ಸುಮಾರು 80 ಕಿಲೋಮೀಟರ್ ಓಡುವಂತೆ ರೂಪಿಸಿರುತ್ತಾರೆ. ಆದರೆ ಆ ಓಟದಲ್ಲಿ ಪಕ್ಕದ ಗೋಡೆ ಒಳಗಿನಿಂದ ಬೆಂದು ಸಡಿಲಾಗುವ ಸಂಭವವಿದ್ದು, ಹೊರಗೆ ಅದರ ಸುಳಿವು ಕಾಣುವುದಿಲ್ಲ. ರಿಮ್‌ನಿಂದ ಬಿಚ್ಚಿ ಒಳಗೆ ಪರೀಕ್ಷಿಸದೆ ಮೊಳೆ ಕಿತ್ತು ಗಾಳಿ ತುಂಬಿಸಿಕೊಡುವ ಅಂಗಡಿಗೆ ಹೋಗಬೇಡಿ. ಪೂರ್ತಿ ಗಾಳಿ ಇಳಿದ ಮೇಲೆ ದೂರ ಓಡಿಸಿದ್ದರೆ ಆ ಟೈರನ್ನು ಬದಲಿಸಿಯೇಬಿಡಿ, ಮತ್ತು ಬದಲಿಗೆ ಸಾಮಾನ್ಯ ಟೈರೊಂದನ್ನು ತಂದು ಉಳಿದ ಮೂರು ರನ್‌ಫ್ಲಾಟ್‌ಗಳ ಜೊತೆ ಸೇರಿಸಬೇಡಿ.